ಹುಬ್ಬಳ್ಳಿಯ ಪೈಲಟ್ ಸೀನಿಯಾರಿಟಿ ತರಗತಿ: ಲೆಕ್ಕ ಗಟ್ಟಿ, ಭಾರತದ ಪಾಠ ತೆಳು

ವಿದ್ಯಾನಗರದ ಒಂದು ಪೈಲಟ್ ಕೋಚಿಂಗ್ ಕೇಂದ್ರ ಡಿಜಿಸಿಎ (ನಾಗರಿಕ ವಿಮಾನಯಾನದ ನಿಯಂತ್ರಕ ಸಂಸ್ಥೆ) ಪರೀಕ್ಷೆಯ ಮಾಮೂಲಿ ಪಾಠಗಳ ಜೊತೆಗೆ ಎರಡು ಭಾನುವಾರಗಳ ಪ್ರತ್ಯೇಕ ತರಗತಿ ನಡೆಸುತ್ತಿದೆ. ವಿಮಾನ ಕಂಪನಿಗಳು ಒಂದರಲ್ಲೊಂದು ವಿಲೀನವಾದಾಗ ಪೈಲಟ್‌ಗಳ ಸೀನಿಯಾರಿಟಿ ಪಟ್ಟಿಯ, ಅಂದರೆ ಯಾರಿಗೆ ಮೊದಲು ಬಡ್ತಿ, ಯಾರಿಗೆ ಮೊದಲು ಲೇ-ಆಫ್ ಎಂದು ತೀರ್ಮಾನಿಸುವ ಕ್ರಮಪಟ್ಟಿಯ ಗತಿ ಏನು ಎನ್ನುವುದೊಂದೇ ಇದರ ವಿಷಯ. ಮೊದಲ ಭಾನುವಾರ ಕೊಟ್ಟ ಕಾಸಿಗೆ ಮೋಸವಿಲ್ಲ. ಎರಡನೆಯದು ಅರೆಬೆಂದದ್ದು. ಪಿಯುಸಿ ಮುಗಿಸಿ ಇನ್ನೂ ಕ್ಲಾಸ್ 2 ಮೆಡಿಕಲ್ (ಪೈಲಟ್ ತರಬೇತಿಗೆ ಬೇಕಾದ ಮೊದಲ ವೈದ್ಯಕೀಯ ತಪಾಸಣೆ) ಕೂಡ ಮಾಡಿಸದ ಹುಡುಗರಿಗೆ ಇದು ಈಗಲೇ ಬೇಡ. ಸಿಪಿಎಲ್ (ವಾಣಿಜ್ಯ ಪೈಲಟ್ ಲೈಸೆನ್ಸು) ಕೈಗೆ ಬಂದು, ಟೈಪ್ ರೇಟಿಂಗ್ (ಒಂದು ಮಾದರಿಯ ವಿಮಾನ ಹಾರಿಸುವ ಅರ್ಹತೆ) ಮುಗಿಸಿ, ಆಫರ್ ಲೆಟರ್‌ಗೆ ಕಾಯುತ್ತಿರುವವರು ಹೋಗಬೇಕು.

ತರಗತಿಯ ಜೀವಾಳ ಒಂದು ಎಕ್ಸೆಲ್ ಶೀಟು. ಅದರಲ್ಲಿ ಎರಡು ಕಾಲ್ಪನಿಕ ಕಂಪನಿಗಳಿವೆ. ಹಳೆಯದರಲ್ಲಿ 400 ಪೈಲಟ್‌ಗಳು, 2010ರಲ್ಲಿ ಶುರುವಾದ ಹೊಸದರಲ್ಲಿ 200. ಹೊಸ ಕಂಪನಿಯ ಪಟ್ಟಿಯಲ್ಲಿ 50ನೆಯವನಾಗಿರುವ ಒಬ್ಬನನ್ನು ಹಿಡಿದುಕೊಂಡು ಪಟ್ಟಿಗಳನ್ನು ಮೂರು ರೀತಿ ಬೆರೆಸಿಸುತ್ತಾರೆ. ಹಳಬರು ಇಬ್ಬರಿಗೆ ಹೊಸಬನೊಬ್ಬನಂತೆ ಪ್ರಮಾಣದಲ್ಲಿ ಹೆಣೆದರೆ ಆತ 600ರಲ್ಲಿ 150ನೆಯವ. ಸೇರಿದ ತಾರೀಖು ನೋಡಿ ಜೋಡಿಸಿದರೆ, ಹಳೆಯ ಕಂಪನಿಯ 300 ಮಂದಿ 2010ಕ್ಕೂ ಮೊದಲೇ ಸೇರಿದವರಾದ್ದರಿಂದ ಆತ 350ಕ್ಕಿಂತ ಮೇಲೆ ಬರುವ ಹಾಗೇ ಇಲ್ಲ. ಹೊಸಬರನ್ನೆಲ್ಲ ಪಟ್ಟಿಯ ಬಾಲಕ್ಕೆ ಕಟ್ಟಿದರೆ 450. ವಿಲೀನದ ನಂತರ ಕ್ಯಾಪ್ಟನ್ ಹುದ್ದೆ 270 ಎಂದಿಟ್ಟುಕೊಳ್ಳಿ. 150ರಲ್ಲಿದ್ದವನಿಗೆ ಎಡಗಡೆಯ ಕ್ಯಾಪ್ಟನ್ ಸೀಟು, 350ರಲ್ಲಿದ್ದವನಿಗೆ ಬಲಗಡೆಯ ಸಹಪೈಲಟ್ ಸೀಟು. ಹಾರಿಸಿದ ಗಂಟೆಗಳೂ ಪಾಸಾದ ಹಾರಾಟದ ಪರೀಕ್ಷೆಗಳೂ ಅವವೇ. "ನಮ್ಮ ಹುಡುಗ ಮೊದಲ ಸೇರ್ಯಾನ, ಹಿಂದ ಹೆಂಗ ಹೋಗ್ತಾನ?" ಎಂದು ಕೇಳುವ ತಂದೆ-ತಾಯಿಗೆ ಇದಕ್ಕಿಂತ ಒಳ್ಳೆಯ ಉತ್ತರ ಸಿಗಲಾರದು.

ಆಮೇಲಿನ ಹಂತ ಇನ್ನೂ ಚೆನ್ನಾಗಿದೆ. ಪೈಲಟ್‌ಗಳನ್ನು ದೊಡ್ಡ ವಿಮಾನದ ಕ್ಯಾಪ್ಟನ್, ಸಣ್ಣ ವಿಮಾನದ ಕ್ಯಾಪ್ಟನ್, ಹಾಗೆಯೇ ಎರಡರ ಫಸ್ಟ್ ಆಫೀಸರ್ (ಸಹಪೈಲಟ್) ಎಂದು ಗುಂಪು ಮಾಡಿ, ಪ್ರತಿ ಗುಂಪಿನೊಳಗೆ ಪ್ರಮಾಣದಲ್ಲಿ ಹೆಣೆದು, ಸೇವಾವಧಿಗೂ ಒಂದಿಷ್ಟು ತೂಕ ಕೊಡುವ ಮಿಶ್ರ ವಿಧಾನ. ಅಮೆರಿಕದ ಯುನೈಟೆಡ್–ಕಾಂಟಿನೆಂಟಲ್ ವಿಮಾನ ಕಂಪನಿಗಳ ಪಟ್ಟಿಗೆ 2013ರಲ್ಲಿ ಬಂದ ಮಧ್ಯಸ್ಥಿಕೆ ತೀರ್ಪಿನಲ್ಲಿ ಸೇವಾವಧಿಗೆ 35, ಹುದ್ದೆ ಮತ್ತು ವಿಮಾನಕ್ಕೆ 65 ಪ್ರತಿಶತ ತೂಕವಿತ್ತು. ಶೀಟಿನಲ್ಲಿ ಆ ಒಂದು ಅಂಕಿ ಬದಲಿಸಿದರೆ ಯಾರು ಮೇಲೇರಿದರು, ಯಾರು ಜಾರಿದರು ಎನ್ನುವುದು ಕಣ್ಣೆದುರೇ ಕಾಣುತ್ತದೆ. ಈಗ ಕೂತ ಸೀಟಿನಿಂದ ಯಾರನ್ನೂ ಎಬ್ಬಿಸಬಾರದೆಂಬ ರಕ್ಷಣೆಯ ಷರತ್ತನ್ನೂ, ಇಂಥ ವಿಮಾನ ಇಷ್ಟು ವರ್ಷ ಇಂಥವರಿಗೇ ಎಂದು ಹಾಕುವ ಬೇಲಿಯನ್ನೂ ವಿವರಿಸುತ್ತಾರೆ. ಆದರೆ ಆ ರಕ್ಷಣೆ ಇವತ್ತಿನ ಸೀಟಿಗೆ ಮಾತ್ರ, ಮುಂದಿನ ಖಾಲಿ ಹುದ್ದೆಗೂ ಲೇ-ಆಫ್‌ಗೂ ಹೊಸ ನಂಬರೇ ಲೆಕ್ಕ ಎಂಬುದನ್ನು ಇನ್ನಷ್ಟು ಒತ್ತಿ ಹೇಳಬೇಕಿತ್ತು.

ಶೀಟಿನಲ್ಲಿ ಎರಡು ದೋಷಗಳಿವೆ. ಒಂದೇ ಬ್ಯಾಚಿನವರು ಒಂದೇ ದಿನ ಸೇರಿರುತ್ತಾರೆ, ಆದರೆ ಅವರಲ್ಲಿ ಮೇಲು-ಕೆಳಗು ತೀರ್ಮಾನಿಸುವ ಕಾಲಂ ಇಲ್ಲಿಲ್ಲ. ಮೂಲಪಟ್ಟಿ ಹೆಸರಿನ ಅಕ್ಷರಕ್ರಮದಲ್ಲಿದೆ, ಸಾರ್ಟ್ ಮಾಡಿದಾಗ ಎಕ್ಸೆಲ್ ಅದೇ ಕ್ರಮ ಉಳಿಸಿಕೊಳ್ಳುತ್ತದೆ. ಹಾಗಾಗಿ 'ಅ'ಕಾರದ ಹೆಸರಿನವರೆಲ್ಲ ಪುಕ್ಕಟೆ ಸೀನಿಯರ್! ವಯಸ್ಸು ಅಥವಾ ಎಂಪ್ಲಾಯಿ ನಂಬರಿನ ಕಾಲಂ ಸೇರಿಸಿಕೊಂಡು ಎರಡನೆಯ ಹಂತದ ಸಾರ್ಟ್ ಹಾಕಿಕೊಳ್ಳಿ. ಇನ್ನೊಂದು ತಾರೀಖಿನದು. ಲ್ಯಾಪ್‌ಟಾಪಿನ ರೀಜನ್ ಅಮೆರಿಕದ್ದಾಗಿದ್ದರೆ 03/04/2015 ಎಂದು ಟೈಪಿಸಿದ್ದು ಏಪ್ರಿಲ್ 3ರ ಬದಲು ಮಾರ್ಚ್ 4 ಆಗುತ್ತದೆ. 12ರ ನಂತರದ ದಿನಗಳು ತಾರೀಖಾಗದೆ ಬರೀ ಅಕ್ಷರವಾಗಿ ಉಳಿದು, ಸಾರ್ಟ್‌ನಲ್ಲಿ ತಳ ಸೇರುತ್ತವೆ. ಶೀಟು ತೆರೆಯುವ ಮೊದಲೇ ರೀಜನ್ ಅನ್ನು ಭಾರತಕ್ಕೆ ಬದಲಿಸಿಕೊಂಡರೆ ತಲೆನೋವಿಲ್ಲ. ನಿಜವಾದ ವಿಲೀನಗಳಲ್ಲೂ ತಂಟೆ ಇಂಥಲ್ಲೇ ಶುರುವಾಗುತ್ತದೆ: ಸೇರಿದ ದಿನವೋ, ತರಬೇತಿ ಮುಗಿಸಿ ನಿತ್ಯದ ಹಾರಾಟಕ್ಕೆ ಬಿಟ್ಟ ದಿನವೋ? ಬಿಟ್ಟು ಹೋಗಿ ಮರಳಿ ಬಂದವರಿಗೆ ಯಾವುದು?

ಎರಡನೆಯ ಭಾನುವಾರ ಪೂರ್ತಿ ಹಳೆಯ ಜಗಳಗಳ ಕಥೆ. ಅಮೆರಿಕದ ಭಾಗ ಸೊಗಸಾಗಿದೆ. 2005ರಲ್ಲಿ ಯುಎಸ್ ಏರ್‌ವೇಸ್ ಮತ್ತು ಅಮೆರಿಕ ವೆಸ್ಟ್ ಒಂದಾದವು. 2007ರಲ್ಲಿ ಮಧ್ಯಸ್ಥಗಾರ ಜಾರ್ಜ್ ನಿಕೊಲಾವ್ ಕೊಟ್ಟ ಪಟ್ಟಿಯಲ್ಲಿ ಯುಎಸ್ ಏರ್‌ವೇಸ್‌ನ 517 ಹಿರಿಯರು ತುದಿಗೆ, ಲೇ-ಆಫ್ ಆಗಿದ್ದ ಅಲ್ಲಿನವರೇ ತಳಕ್ಕೆ. ವರ್ಷಗಟ್ಟಲೆ ದುಡಿದವರು ನಿನ್ನೆ ಮೊನ್ನೆ ಸೇರಿದವರ ಕೆಳಗೆ ಬಿದ್ದರು. ಸಂಖ್ಯೆಯಲ್ಲಿ ಹೆಚ್ಚಿದ್ದ ಯುಎಸ್ ಏರ್‌ವೇಸ್ ಬಣ 2008ರಲ್ಲಿ ಯೂನಿಯನ್ನನ್ನೇ ಬದಲಿಸಿತು. ಆ ಪಟ್ಟಿ ಜಾರಿಗೆ ಬರಲೇ ಇಲ್ಲ. ಅಮೆರಿಕನ್ ಏರ್‌ಲೈನ್ಸ್ ಜೊತೆಗಿನ ಮುಂದಿನ ವಿಲೀನದ ಮಧ್ಯಸ್ಥಿಕೆ 2016ರಲ್ಲಿ ಮುಗಿಯುವವರೆಗೂ ಕೋರ್ಟು-ಕಚೇರಿ ಅಲೆದಾಟ. ಪಟ್ಟಿಗಳು ನ್ಯಾಯಯುತವಾಗಿ ಸೇರಬೇಕು, ಒಮ್ಮತವಾಗದಿದ್ದರೆ ಮಧ್ಯಸ್ಥಿಕೆಗೆ ಹೋಗಬೇಕು ಎನ್ನುವ ಮೆಕ್ಯಾಸ್ಕಿಲ್–ಬಾಂಡ್ ಕಾನೂನು 2007ರ ಕೊನೆಯಲ್ಲಿ ಬಂದದ್ದನ್ನೂ ಹೇಳುತ್ತಾರೆ.

ಆದರೆ ಗದಗ, ಹಾವೇರಿಯಿಂದ ಬಂದು ಕೂತವರು ಕೆಲಸ ಹುಡುಕುವುದು ಇಲ್ಲಿನ ಕಂಪನಿಗಳಲ್ಲಿ ತಾನೆ? ಏರ್ ಇಂಡಿಯಾ ಮತ್ತು ಇಂಡಿಯನ್ ಏರ್‌ಲೈನ್ಸ್ 2007ರಲ್ಲಿ ಸೇರಿದ್ದು, ಎರಡೂ ಕಡೆಯ ಸಿಬ್ಬಂದಿಯನ್ನು ಬೆಸೆಯುವ ಬಗ್ಗೆ ಧರ್ಮಾಧಿಕಾರಿ ಸಮಿತಿ 2012ರ ಜನವರಿಯಲ್ಲಿ ವರದಿ ಕೊಟ್ಟದ್ದು, ಅದೇ ವರ್ಷ 787 ವಿಮಾನದ ತರಬೇತಿ ಇನ್ನೊಂದು ಬಣಕ್ಕೂ ಸಿಗುತ್ತದೆಂದು ಏರ್ ಇಂಡಿಯಾ ಬಣದ ಪೈಲಟ್‌ಗಳು 58 ದಿನ ಮುಷ್ಕರ ಹೂಡಿದ್ದು, ಎಲ್ಲವೂ ಎರಡು ಸ್ಲೈಡಿನಲ್ಲಿ ಮುಗಿದುಹೋಗುತ್ತದೆ. ಏರ್ ಇಂಡಿಯಾದಲ್ಲಿ ವಿಲೀನವಾಗುವ ಮುನ್ನ ವಿಸ್ತಾರ ಕಂಪನಿಯ ಪೈಲಟ್‌ಗಳು 2024ರಲ್ಲಿ ಎಬ್ಬಿಸಿದ ಗಲಾಟೆಯನ್ನು ಪೂರ್ತಿ ಸೀನಿಯಾರಿಟಿಯ ಖಾತೆಗೆ ಹಾಕಿದ್ದಾರೆ. ಆ ಆತಂಕವೂ ಇತ್ತು ನಿಜ, ಆದರೆ ಕಿಡಿ ಹೊತ್ತಿದ್ದು ಹಾರದಿದ್ದರೂ ತಿಂಗಳಿಗೆ ಇಷ್ಟು ಗಂಟೆಯ ಸಂಬಳ ಎಂಬ ಖಾತ್ರಿಯನ್ನು 70ರಿಂದ 40ಕ್ಕೆ ಇಳಿಸಿದ ಹೊಸ ಒಪ್ಪಂದಕ್ಕೆ. 2024ರ ಅಕ್ಟೋಬರ್ 1ರಂದು ಎಐಎಕ್ಸ್ ಕನೆಕ್ಟ್ (ಹಿಂದಿನ ಏರ್‌ಏಷ್ಯಾ ಇಂಡಿಯಾ), ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನಲ್ಲಿ ಸೇರಿದ ಸುದ್ದಿಯೇ ಇಲ್ಲ. ಬೋಯಿಂಗ್ 737 ಮತ್ತು ಎ320 ಒಂದೇ ಮನೆಗೆ ಬಂದಾಗ ಯಾವ ವಿಮಾನದಲ್ಲಿ ಯಾರಿಗೆ ಮೊದಲು ಕಮಾಂಡ್ (ಕ್ಯಾಪ್ಟನ್ ಹುದ್ದೆ) ಎಂಬುದು ಹೊಸಬರಿಗೆ ನಿಕೊಲಾವ್‌ಗಿಂತ ಹತ್ತಿರದ ಪ್ರಶ್ನೆ. ಅದೂ ಹೋಗಲಿ, ಧಾರವಾಡದ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕು 2025ರ ಮೇ 1ರಿಂದ ಬಳ್ಳಾರಿ ಕೇಂದ್ರದ ಬ್ಯಾಂಕಿನೊಳಗೆ ಸೇರಿದೆ. ಎರಡು ಸಿಬ್ಬಂದಿ ಪಟ್ಟಿ ಒಂದಾಗುವುದೆಂದರೇನೆಂದು ಇಲ್ಲಿನವರಿಗೆ ವಿವರಿಸಲು ಅಷ್ಟು ದೂರ ಹಾರಬೇಕಿರಲಿಲ್ಲ.

ಕೈಪಿಡಿಯಲ್ಲೊಂದು ತಪ್ಪಿದೆ, ತಿದ್ದಿಕೊಳ್ಳಿ. ಸೀನಿಯಾರಿಟಿಯನ್ನು ಡಿಜಿಸಿಎ ನಿರ್ಧರಿಸುತ್ತದೆ ಎಂದು ಅಚ್ಚಾಗಿದೆ. ಡಿಜಿಸಿಎ ಕೈಯಲ್ಲಿರುವುದು ಲೈಸೆನ್ಸು, ಡ್ಯೂಟಿ ಗಂಟೆಗಳ ಮಿತಿ, ಮತ್ತು 2017ರ ನಿಯಮದಂತೆ ಕೆಲಸ ಬಿಡುವ ಮುಂಚೆ ಫಸ್ಟ್ ಆಫೀಸರ್‌ಗೆ 6 ತಿಂಗಳು, ಕಮಾಂಡರ್‌ಗೆ ಒಂದು ವರ್ಷದ ನೋಟಿಸು. ಪಟ್ಟಿ ಕಂಪನಿಯ ಒಳಗಿನ ವ್ಯವಹಾರ. ಆದ್ದರಿಂದಲೇ ಆಫರ್ ಲೆಟರಿನಲ್ಲಿ ಸೀನಿಯಾರಿಟಿಗೆ ಯಾವ ದಿನ ಹಿಡಿಯುತ್ತಾರೆ, ಷರತ್ತು ಬದಲಿಸುವ ಹಕ್ಕು ಕಂಪನಿಗಷ್ಟೇ ಇದೆಯೇ, ವಿಲೀನವಾದರೆ ತರಬೇತಿ ಬಾಂಡ್ ಹೊಸ ಮಾಲೀಕರಿಗೆ ದಾಟುತ್ತದೆಯೇ ಎಂದು ಸಹಿಗೆ ಮುಂಚೆ ಓದಬೇಕು.

ಧಾರವಾಡದಿಂದ ಬರುವವರಿಗೆ ಚಿಗರಿ ಬಸ್ಸು ಸಲೀಸು, ಕಾರು ನಿಲ್ಲಿಸಲು ಜಾಗವಿಲ್ಲ. ಪಾಠ ಕನ್ನಡದಲ್ಲೇ ನಡೆಯುತ್ತದೆ, ಸ್ಲೈಡುಗಳು ಇಂಗ್ಲಿಷಿನಲ್ಲಿವೆ. ಎರಡು ಭಾನುವಾರಗಳ ಶುಲ್ಕ ಬೇರೆ ಬೇರೆ ಕಟ್ಟಬಹುದು, ಸದ್ಯಕ್ಕೆ ಮೊದಲನೆಯದಕ್ಕೆ ಕಟ್ಟಿದರೆ ಸಾಕು. ಆಫರ್ ಲೆಟರ್ ಬಂದಿದ್ದರೆ ಅದರ ಒಂದು ಪ್ರತಿ ಒಯ್ಯಿರಿ, ಊಟದ ನಂತರ ಮೇಷ್ಟ್ರು ಸಾಲು ಸಾಲಾಗಿ ಓದಿ ಹೇಳುತ್ತಾರೆ.