ಎದೆನೋವಿಗೆ 24 ಗಂಟೆಯ ಪಿಎಚ್ ಪರೀಕ್ಷೆ: ಹೋಲ್ಟರ್ ಜೊತೆಗಿದ್ದರೆ ಮಾಡಿಸಿ

ಎದೆ ಹಿಂಡಿದಂತಾದರೆ ‘ಗ್ಯಾಸ್ಟ್ರಿಕ್ಕು’ ಅಂದುಕೊಂಡು ಜೀರಿಗೆ ನೀರು ಕುಡಿದು ಮಲಗಬೇಡಿ. ಮೊದಲು ಇಸಿಜಿ, ಟ್ರೋಪೊನಿನ್ (ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರುವ ರಕ್ತಪರೀಕ್ಷೆ) ಆಗಲಿ. ಹೃದಯಾಘಾತವಲ್ಲ ಎಂದು ಖಚಿತವಾದ ಮೇಲೂ ನೋವು ಮರುಕಳಿಸುತ್ತಿದ್ದರೆ 24 ಗಂಟೆಯ ಪಿಎಚ್ ಪರೀಕ್ಷೆ ಕೆಲಸಕ್ಕೆ ಬರುತ್ತದೆ: ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಎಷ್ಟು ಏರುತ್ತದೆ ಎಂದು ಅದು ಅಳೆಯುತ್ತದೆ. ಹೋಲ್ಟರ್ ಎಂದರೆ ಮೈಗೆ ಕಟ್ಟಿಕೊಂಡು ದಿನವಿಡೀ ಇಸಿಜಿ ದಾಖಲಿಸುವ ಯಂತ್ರ.

ಅನ್ನನಾಳಕ್ಕೂ ಹೃದಯಕ್ಕೂ ಮೆದುಳಿನಿಂದ ಇಳಿದುಬರುವ ವೇಗಸ್ ನರದ ಕವಲುಗಳಿವೆ. 1996ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಹೃದ್ರೋಗಿಗಳ ಅನ್ನನಾಳಕ್ಕೆ ತೆಳು ಆಮ್ಲ ಬಿಟ್ಟಾಗ ಹೃದಯದ ರಕ್ತನಾಳದಲ್ಲಿ ಹರಿವು ಇಳಿಯಿತು. ಕಸಿ ಮಾಡಿದ, ಅಂದರೆ ನರ ಕಡಿದುಹೋದ ಹೃದಯದವರಲ್ಲಿ ಇಳಿಯಲಿಲ್ಲ. ಹಾಗಾಗಿ ‘ಹಾರ್ಟೋ ಗ್ಯಾಸೋ’ ಎಂಬ ಪ್ರಶ್ನೆಗೆ ಎರಡೂ ಎಂಬ ಉತ್ತರ ಬರಬಹುದು. ಹೋಲ್ಟರ್ ಇಲ್ಲದೆ ಪಿಎಚ್ ಒಂದನ್ನೇ ಅಳೆದರೆ ಅರ್ಧ ಸಂಗತಿ ಮಾತ್ರ ಸಿಗುತ್ತದೆ ಅನ್ನುವುದು ಇದಕ್ಕೇ.

ಮೂಗಿನಿಂದ ಸುಮಾರು 2 ಮಿ.ಮೀ. ದಪ್ಪದ ನಳಿಗೆ ಇಳಿಸುತ್ತಾರೆ. ಅದರ ಸೆನ್ಸರ್ ಅನ್ನನಾಳದ ಕೆಳಕವಾಟದಿಂದ 5 ಸೆಂ.ಮೀ. ಮೇಲೆ ನಿಲ್ಲಬೇಕು. ಆ ಜಾಗವನ್ನು ಮ್ಯಾನೊಮೆಟ್ರಿಯಿಂದ (ಅನ್ನನಾಳದ ಒತ್ತಡ ಅಳೆಯುವ ಪರೀಕ್ಷೆ) ಗುರುತಿಸುವ ಕೇಂದ್ರವನ್ನೇ ಆರಿಸಿ, ಅಂದಾಜಿನಲ್ಲಿ ಇಳಿಸಿದರೆ ಅಂಕಿಗೆ ಅರ್ಥವಿಲ್ಲ. ಪಿಎಚ್ ಇಳಿದಷ್ಟೂ ಆಮ್ಲ ಹೆಚ್ಚು. ಪಿಎಚ್ 4ಕ್ಕಿಂತ ಕೆಳಗಿದ್ದ ಸಮಯ ಒಟ್ಟು ಅವಧಿಯ 4%ಕ್ಕಿಂತ ಕಡಿಮೆಯಿದ್ದರೆ ಸಹಜ, 6% ದಾಟಿದರೆ ರಿಫ್ಲಕ್ಸ್ (ಆಮ್ಲ ಮೇಲೇರುವ ತೊಂದರೆ) ಖಚಿತ. ಗಂಟಲಲ್ಲಿ ಏನೋ ಸಿಕ್ಕಿಕೊಂಡ ಹಾಗೆ ಇಡೀ ದಿನ ಅನಿಸುತ್ತದೆ, ಸ್ನಾನವೂ ಇಲ್ಲ.

ಪರೀಕ್ಷೆ ಹೆಚ್ಚಾಗಿ ಕೆಡುವುದು ನಮ್ಮ ಕೈಯಲ್ಲೇ. ನಳಿಗೆ ಇದೆಯೆಂದು ಗಂಜಿ ಕುಡಿದು ಮಲಗಿಬಿಟ್ಟರೆ ವರದಿ ‘ನಾರ್ಮಲ್’ ಬಂದೀತು. ದಿನವೂ ಉಣ್ಣುವ ಮುದ್ದೆ, ಖಾರದ ಸಾರು, ರಾತ್ರಿಯ ಕಾಫಿ ಎಲ್ಲ ಇರಲಿ, ಮೆಟ್ಟಿಲನ್ನೂ ಹತ್ತಿ. ನೋವು ಶುರುವಾದ ತಕ್ಷಣ ನಳಿಗೆಗೆ ಜೋಡಿಸಿದ ದಾಖಲೆ ಯಂತ್ರದ ಬಟನ್ ಒತ್ತಿ: ಆಮ್ಲ ಏರಿದ 2 ನಿಮಿಷದೊಳಗಿನ ನೋವನ್ನಷ್ಟೇ ಅದಕ್ಕೆ ಜೋಡಿಸುತ್ತಾರೆ. ಐದು ನಿಮಿಷ ತಡೆದು ಒತ್ತಿದರೆ ಆ ನಂಟು ಕೈತಪ್ಪುತ್ತದೆ. ಹೋಲ್ಟರ್ ಕಟ್ಟುವಾಗ ಎರಡೂ ಯಂತ್ರದ ಗಡಿಯಾರ ಒಂದೇ ಸಮಯ ತೋರಿಸುತ್ತಿದೆಯೇ ಎಂದು ಟೆಕ್ನಿಷಿಯನ್ ಎದುರೇ ನೋಡಿಕೊಳ್ಳಿ. ಆಮ್ಲ ಏರಿದ ಹೊತ್ತಿಗೆ ಎಸ್‌ಟಿ ಗೆರೆ (ಹೃದಯಕ್ಕೆ ರಕ್ತ ಸಾಲದಾದಾಗ ಇಸಿಜಿಯಲ್ಲಿ ಕೆಳಗಿಳಿಯಬಹುದಾದ ಭಾಗ) ಕುಸಿದದ್ದು ಕಾಣುವುದು ಆಗಲೇ.

ಪ್ಯಾಂಟೊಪ್ರಜೋಲ್ ತರಹದ, ಆಮ್ಲ ತಗ್ಗಿಸುವ ಮಾತ್ರೆಯನ್ನು ಸಾಮಾನ್ಯವಾಗಿ 7 ದಿನ ಮೊದಲೇ ನಿಲ್ಲಿಸಬೇಕು. ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಅದು ಹೊಟ್ಟೆಯ ರಕ್ತಸ್ರಾವ ತಡೆಯುವ ಮಾತ್ರೆಯೂ ಹೌದು, ಹೃದಯದ ಡಾಕ್ಟರನ್ನು ಕೇಳದೆ ಬಿಡಬೇಡಿ. ರಕ್ತನಾಳ ಹಿಗ್ಗಿಸುವ ಮಾತ್ರೆಗಳಾದ ಸಾರ್ಬಿಟ್ರೇಟ್, ಆಮ್ಲೊಡಿಪಿನ್ ಕೆಳಕವಾಟವನ್ನು ಸಡಿಲಿಸಿ ಹುಳಿತೇಗು ಹೆಚ್ಚಿಸಬಲ್ಲವು. ಅವನ್ನೂ ನೀವಾಗಿಯೇ ನಿಲ್ಲಿಸುವಂತಿಲ್ಲ, ಡೈರಿಯಲ್ಲಿ ನುಂಗಿದ ಸಮಯ ಬರೆದಿಡಿ. ಸಾರ್ಬಿಟ್ರೇಟಿಗೆ ನೋವು ಇಳಿಯಿತು ಅಂದಮಾತ್ರಕ್ಕೆ ಹೃದಯದ್ದೇ ಅನ್ನಲಾಗದು, ಅನ್ನನಾಳದ ಸೆಳೆತವೂ ಅದಕ್ಕೆ ಇಳಿಯುತ್ತದೆ.