ಬಸಿರಲ್ಲಿ ಒಣ ಚರ್ಮಕ್ಕೆ ಲೋಷನ್ನಾ, ಕ್ರೀಮಾ, ಎಣ್ಣೆಯಾ?

ಹೊಟ್ಟೆ ಬೆಳೆದಂತೆ ಚರ್ಮ ಹಿಗ್ಗುತ್ತದೆ, ಒಣಗಿ ಕೆರೆತ ಬರುತ್ತದೆ. ಹಚ್ಚಲು ಯಾವುದನ್ನು ಆರಿಸಬೇಕು?

ಲೋಷನ್‌ನಲ್ಲಿ ನೀರು ಜಾಸ್ತಿ. ಬೇಗ ಹೀರಿಕೊಳ್ಳುತ್ತದೆ, ಅಂಟುವುದಿಲ್ಲ. ಸೆಕೆಗಾಲಕ್ಕೆ, ಸ್ವಲ್ಪ ಒಣಗಿದ ಚರ್ಮಕ್ಕೆ ಸಾಕು.

ಕ್ರೀಮ್ ದಪ್ಪ, ತೇವ ಹೆಚ್ಚು ಹೊತ್ತು ನಿಲ್ಲುತ್ತದೆ. ಹೊಟ್ಟೆ, ತೊಡೆಗೆ ನನ್ನ ಆಯ್ಕೆ ಇದೇ. ಗ್ಲಿಸರಿನ್ ಅಥವಾ ಸೆರಮೈಡ್ (ಚರ್ಮದ ತೇವ ಕಾಯುವ ಕೊಬ್ಬಿನಂಶ) ಇರುವ, ಸುವಾಸನೆ ಸೇರಿಸದ ಕ್ರೀಮ್ ನೋಡಿ. ವಾಸನೆಯೇ ಈಗ ವಾಕರಿಕೆ ತರಿಸಬಹುದು ಅಲ್ವಾ! ರೆಟಿನಾಲ್ (ವಿಟಮಿನ್ ಎ ಯ ಒಂದು ರೂಪ) ಇರುವುದು ಮಾತ್ರ ಬೇಡ.

ಎಣ್ಣೆ, ಪೆಟ್ರೋಲಿಯಂ ಜೆಲ್ಲಿ ನೀರು ಕೊಡುವುದಿಲ್ಲ, ಇರುವ ತೇವವನ್ನು ಹಿಡಿದಿಡುತ್ತವೆ. ಹಿಡಿದಿಡುವುದರಲ್ಲಿ ಜೆಲ್ಲಿಯೇ ಮುಂದು. ಒಡೆದ ಹಿಮ್ಮಡಿಗೆ ರಾತ್ರಿ ಹಚ್ಚಿ. ಎಣ್ಣೆ ಹಚ್ಚಿದ ಕಾಲಲ್ಲಿ ನಡೆಯಬೇಡಿ, ಜಾರುತ್ತದೆ. ಚರ್ಮ ಹಿಗ್ಗಿ ಮೂಡುವ ಗೆರೆಗಳನ್ನು (ಸ್ಟ್ರೆಚ್ ಮಾರ್ಕ್) ಇವು ಖಂಡಿತ ತಡೆಯುತ್ತವೆ ಎಂದು ನಂಬಬೇಡಿ.

ಯಾವುದೇ ಇರಲಿ, ಉಗುರುಬೆಚ್ಚಗಿನ ನೀರಲ್ಲಿ ಚುಟುಕಾಗಿ ಸ್ನಾನ ಮಾಡಿ, ಮೈ ಇನ್ನೂ ಒದ್ದೆ ಇರುವಾಗಲೇ ಹಚ್ಚಿ.

ದದ್ದಿಲ್ಲದೆ ಅಂಗೈ, ಅಂಗಾಲು ವಿಪರೀತ ಕೆರೆದರೆ, ರಾತ್ರಿ ಜಾಸ್ತಿಯಾದರೆ, ಸುಮ್ನೆ ಕ್ರೀಮ್ ಬದಲಿಸುತ್ತಾ ಕೂರಬೇಡಿ. ಅದು ಯಕೃತ್ತಿನಿಂದ (ಲಿವರ್) ಪಿತ್ತರಸ ಸರಿಯಾಗಿ ಹರಿಯದ ಕೊಲೆಸ್ಟಾಸಿಸ್ ಎಂಬ ತೊಂದರೆ ಇರಬಹುದು, ಮಗುವಿಗೆ ಅಪಾಯವಾಗಬಹುದು. ಅವತ್ತೇ ಡಾಕ್ಟರಿಗೆ ಹೇಳಿ, ರಕ್ತಪರೀಕ್ಷೆ ಮಾಡಿಸಿ.