ಆರ್‌ಎಚ್‌ಸಿಎಸ್‌ಎ ಸರ್ಟಿಫಿಕೇಟ್: ನಾಲ್ಕು ವರ್ಷ ಬಳಸಿದ ಮೇಲೆ

2021ರಲ್ಲಿ ಲಿನಕ್ಸ್ ಕಂಪನಿ ರೆಡ್ ಹ್ಯಾಟ್‌ನ ಆರ್‌ಎಚ್‌ಸಿಎಸ್‌ಎ, ಅಂದರೆ ಲಿನಕ್ಸ್ ಸಿಸ್ಟಮ್ ನೋಡಿಕೊಳ್ಳುವವರ ಪರೀಕ್ಷೆ, ಪಾಸ್ ಮಾಡಿದೆ. ಆಗ ಬೆಂಗಳೂರಿನಲ್ಲಿ ಡೆಸ್ಕ್‌ಟಾಪ್ ಸಪೋರ್ಟ್ ಕೆಲಸ, ನೈಟ್ ಶಿಫ್ಟ್. ಓದಿದ್ದು ಬಿಸಿಎ. ಲಿನಕ್ಸ್ ಅಡ್ಮಿನ್ ಕೆಲಸಕ್ಕೆ ಎಷ್ಟು ಅರ್ಜಿ ಹಾಕಿದರೂ ಒಂದು ಫೋನೂ ಬರುತ್ತಿರಲಿಲ್ಲ. ರೆಸ್ಯೂಮ್‌ನಲ್ಲಿ ಈ ಹೆಸರು ಸೇರಿಸಿದ ಮೇಲೆ ಎರಡು ವಾರದಲ್ಲಿ ಮೂರು ಕಡೆಯಿಂದ ಎಚ್‌ಆರ್ ಕರೆ ಬಂತು. ಸರ್ಟಿಫಿಕೇಟ್ ನೇರವಾಗಿ ಮಾಡಿಕೊಟ್ಟ ಉಪಕಾರ ಇಷ್ಟೇ. ಕೆಲಸ ಕೊಡಿಸಿದ್ದು ಅದಕ್ಕಾಗಿ ಮಾಡಿದ ಅಭ್ಯಾಸ.

ಈ ಪರೀಕ್ಷೆಯಲ್ಲಿ ನಾಲ್ಕರಲ್ಲೊಂದು ಉತ್ತರ ಆರಿಸುವುದು ಇಲ್ಲ. ಮುಂದೆ ಒಂದು ಸಿಸ್ಟಮ್ ಇರುತ್ತದೆ, ಹೇಳಿದ್ದನ್ನು ಮಾಡಿ ತೋರಿಸಬೇಕು. ಇಂಟರ್ನೆಟ್ ಇಲ್ಲ, ಮ್ಯಾನ್ ಪೇಜ್ (ಸಿಸ್ಟಮ್‌ನಲ್ಲೇ ಇರುವ ಕಮಾಂಡ್‌ಗಳ ಕೈಪಿಡಿ) ಇದೆ. 300ಕ್ಕೆ 210 ಬಂದರೆ ಪಾಸ್. ರೀಬೂಟ್ ಆದ ಮೇಲೂ ನೀವು ಮಾಡಿದ್ದು ಉಳಿದಿರಬೇಕು, ಇಲ್ಲದಿದ್ದರೆ ಅಂಕ ಇಲ್ಲ.

ಈ ರೀಬೂಟ್ ಭಯವೇ ನನಗೆ ಕಲಿಸಿತು. ಮನೆಯಲ್ಲಿ ವರ್ಚುವಲ್ ಮಷಿನ್ (ಕಂಪ್ಯೂಟರ್ ಒಳಗೇ ಓಡುವ ಇನ್ನೊಂದು ಕಂಪ್ಯೂಟರ್) ಹಾಕಿಕೊಂಡು ಅಭ್ಯಾಸ ಮಾಡುವಾಗ ಬೂಟ್ ಆಗುವಾಗ ಯಾವ ಡಿಸ್ಕ್ ಎಲ್ಲಿ ಜೋಡಿಸಬೇಕು ಅಂತ ಹೇಳುವ ಎಫ್‌ಎಸ್‌ಟ್ಯಾಬ್ ಫೈಲ್‌ನಲ್ಲಿ ಒಂದು ತಪ್ಪು ಸಾಲು ಬರೆದೆ. ಸಿಸ್ಟಮ್ ಮೇಲೇಳಲೇ ಇಲ್ಲ, ರಿಪೇರಿಗೆಂದೇ ಇರುವ ಎಮರ್ಜೆನ್ಸಿ ಮೋಡ್‌ನಲ್ಲಿ ನಿಂತಿತು. ಸರಿ ಮಾಡುವಷ್ಟರಲ್ಲಿ ಬೆಳಗಿನ ಜಾವ ಆಗಿತ್ತು. ಎರಡು ತಿಂಗಳ ನಂತರ ಇಂಟರ್‌ವ್ಯೂನಲ್ಲಿ ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿ, "ಇದು ಬೂಟ್ ಆಗ್ತಿಲ್ಲ, ನೋಡಿ" ಅಂದರು. ಪರದೆ ಮೇಲೆ ಅದೇ ಎಮರ್ಜೆನ್ಸಿ ಮೋಡ್! ರೂಟ್ ಪಾಸ್‌ವರ್ಡ್ ಹಾಕಿ ಒಳಗೆ ಹೋದೆ, ಎಫ್‌ಎಸ್‌ಟ್ಯಾಬ್‌ನಲ್ಲಿದ್ದ ಯುಯುಐಡಿಯನ್ನು (ಡಿಸ್ಕಿನ ಗುರುತಿನ ಸಂಖ್ಯೆ) ಡಿಸ್ಕಿನದರ ಜೊತೆ ಹೋಲಿಸಿ ನೋಡಿದೆ. ಕೊನೆಯ ಅಕ್ಷರ ಬೇರೆ ಇತ್ತು. ತಿದ್ದಿ ರೀಬೂಟ್ ಮಾಡಿದೆ, ಲಾಗಿನ್ ಬಂತು. ಸರ್ಟಿಫಿಕೇಟ್ ತೋರಿಸಿ ಅಂತ ಅವರು ಕೇಳಲೇ ಇಲ್ಲ.

ಕೋಚಿಂಗ್ ಬಗ್ಗೆ ಹೇಳಲೇಬೇಕು. ನಾನು ದುಡ್ಡು ಕಟ್ಟಿದ ಕಡೆ ಕೆಲಸ ಗ್ಯಾರಂಟಿ ಅಂದಿದ್ದರು. ಕೊಟ್ಟಿದ್ದು ಹಳೇ ಪ್ರಶ್ನೆಗಳ ಪಿಡಿಎಫ್. ಊರಲ್ಲಿ ಸಾಲ ಮಾಡಿ ಬಂದ ಹುಡುಗರೂ ಆ ಬ್ಯಾಚ್‌ನಲ್ಲಿದ್ದರು, ಈಗಲೂ ನೆನೆದರೆ ಹೊಟ್ಟೆ ಉರಿಯುತ್ತದೆ. ರೆಡ್ ಹ್ಯಾಟ್‌ನ ಡೆವಲಪರ್ ಸಬ್‌ಸ್ಕ್ರಿಪ್ಷನ್ ಉಚಿತ, ಒಬ್ಬರು 16 ಸಿಸ್ಟಮ್‌ವರೆಗೆ ಅವರ ಲಿನಕ್ಸ್ ಹಾಕಿಕೊಳ್ಳಬಹುದು. ಅಭ್ಯಾಸಕ್ಕೆ ಅದು ಧಾರಾಳ ಸಾಕು.

ಆಮೇಲೆ ಅಮೆಜಾನ್‌ನ ಕ್ಲೌಡ್ ಪರೀಕ್ಷೆ, ಎಡಬ್ಲ್ಯೂಎಸ್ ಸೊಲ್ಯೂಷನ್ಸ್ ಆರ್ಕಿಟೆಕ್ಟ್ ಅಸೋಸಿಯೇಟ್ ಕೂಡ ಬರೆದೆ. 65 ಪ್ರಶ್ನೆ, 130 ನಿಮಿಷ, 1000ಕ್ಕೆ 720 ಬೇಕು. ಪಠ್ಯ ಚೆನ್ನಾಗಿದೆ. ಆದರೆ ಆಯ್ಕೆ ಪ್ರಶ್ನೆಗಳಾದ್ದರಿಂದ ಡಂಪ್ಸ್ (ಸೋರಿಕೆಯಾದ ಪ್ರಶ್ನೆ-ಉತ್ತರ) ಉರು ಹೊಡೆಯುವವರು ಜಾಸ್ತಿ. ಹಾಗೆ ಪಾಸಾದ ಒಬ್ಬ ಹುಡುಗ ನಮ್ಮ ಟೀಮ್‌ನ ಇಂಟರ್‌ವ್ಯೂಗೆ ಬಂದಿದ್ದ. ಪ್ರೈವೇಟ್ ಸಬ್‌ನೆಟ್‌ನಲ್ಲಿರುವ (ಇಂಟರ್ನೆಟ್‌ಗೆ ನೇರ ದಾರಿ ಇಲ್ಲದ ನೆಟ್‌ವರ್ಕ್ ಭಾಗದಲ್ಲಿರುವ) ಸರ್ವರ್‌ಗೆ ಹೊರಗಿನಿಂದ ಅಪ್‌ಡೇಟ್ ಹೇಗೆ ಬರುತ್ತೆ ಅಂತ ಕೇಳಿದೆ. ನ್ಯಾಟ್ ಗೇಟ್‌ವೇ (ಅಂಥ ಸರ್ವರ್ ಇಂಟರ್ನೆಟ್‌ಗೆ ಹೋಗಲು ಇರುವ ಬಾಗಿಲು) ಅಂದ. ಅದನ್ನು ಯಾವ ಸಬ್‌ನೆಟ್‌ನಲ್ಲಿ ಇಡಬೇಕು ಅಂದರೆ ಸುಮ್ಮನಾದ. ಸಾಮಾನ್ಯವಾಗಿ ಇಂಟರ್ನೆಟ್‌ಗೆ ನೇರ ದಾರಿ ಇರುವ ಪಬ್ಲಿಕ್ ಸಬ್‌ನೆಟ್‌ನಲ್ಲಿ ಇಡಬೇಕು. ಒಂದು ಸಲ ಕೈಯಾರೆ ಮಾಡಿದ್ದರೆ ಗೊತ್ತಿರುತ್ತಿತ್ತು, ಅಲ್ವಾ?

ಆರ್‌ಎಚ್‌ಸಿಎಸ್‌ಎ ಅವಧಿ 3 ವರ್ಷ. ಮುಗಿಯುವ ಮುಂಚೆ ನಾನು ರೆಡ್ ಹ್ಯಾಟ್‌ನದೇ ಮುಂದಿನ ಹಂತದ ಆರ್‌ಎಚ್‌ಸಿಇ ಬರೆದೆ, ಅದರಿಂದ ಹಳೆಯದೂ ಮುಂದುವರಿಯಿತು. ಆರ್‌ಎಚ್‌ಸಿಇ ಪೂರ್ತಿ ಆನ್ಸಿಬಲ್ (ಹಲವು ಸರ್ವರ್‌ಗಳ ಕೆಲಸವನ್ನು ಒಟ್ಟಿಗೆ ತಾನಾಗಿ ಮಾಡಿಸುವ ಸಾಫ್ಟ್‌ವೇರ್) ಮೇಲೆ, ದಿನದ ಕೆಲಸಕ್ಕೂ ಬಂತು. ಮೊದಲ ಸಲದ ಫೀಸು ನನ್ನ ಸಂಬಳಕ್ಕೆ ಭಾರವಾಗಿತ್ತು. ಎರಡನೆಯದನ್ನು ಕಂಪನಿಯೇ ಕೊಟ್ಟಿತು. ನೀವು ಈಗಾಗಲೇ ಕೆಲಸದಲ್ಲಿದ್ದರೆ ದುಡ್ಡು ಕಟ್ಟುವ ಮುಂಚೆ ಮ್ಯಾನೇಜರ್‌ಗೆ ಒಂದು ಮಾತು ಕೇಳಿ, ರಸೀದಿ ಜೋಪಾನವಾಗಿ ಇಟ್ಟುಕೊಳ್ಳಿ.